ಪ್ಲಮ್ ಬೇರಿನ ಆರು ಗಿಡ

ಬೀದರಿನ ನಮ್ಮ ಮನೆತನದಲ್ಲಿ ಯಾರದೇ ಮದುವೆಯಾದರೂ ಜರ್ದಾಳು, ಅಂದರೆ ಏಪ್ರಿಕಾಟ್ ಹಣ್ಣಿನ ಮೀಠಾ ಎಂಬ ಸಿಹಿ ಇರಲೇಬೇಕು. ಒಣಗಿದ ಆ ಹಣ್ಣು ಬಿಟ್ಟರೆ ಅದರ ಗಿಡವನ್ನು ನಾನು ಕಂಡವನಲ್ಲ. ಮಲೇಷ್ಯಾದ ಬಯಾನ್ ಲೆಪಾಸ್‌ನ ಚಿಪ್ ಕಾರ್ಖಾನೆಯಲ್ಲಿ ಟೆಸ್ಟಿಂಗ್ ಎಂಜಿನಿಯರ್ ಆಗಿ ಹದಿನೈದು ವರ್ಷ ಕಳೆದ ಮೇಲೆ, ಆ ದೇಶದಲ್ಲೇ ಅದನ್ನು ಬೆಳೆಯುವ ಹುಚ್ಚು ಹಿಡಿಯಿತು.

ಕ್ಯಾಮರನ್ ಬೆಟ್ಟದಲ್ಲಿ ತರಕಾರಿ ಬೆಳೆಯುತ್ತಿದ್ದ ತಮಿಳು ಅಜ್ಜಿಯೊಬ್ಬರು ತಮ್ಮ ಹೊಲದ ಒಂದು ಪಟ್ಟಿ ಬಿಟ್ಟುಕೊಟ್ಟರು. ಅಲ್ಲಿಯ ಚಳಿ ಈ ಗಿಡಕ್ಕೆ ಸಾಲದು. ಹಾಗಾಗಿ ಕಡಿಮೆ ಚಳಿಗೂ ಹೂ ಬಿಡುವ ಎರಡು ತಳಿಯ ಸಸಿಗಳನ್ನು ನರ್ಸರಿಯಿಂದ ತರಿಸಿದೆ. ಕೆಲವನ್ನು ಜರ್ದಾಳುವಿನದೇ ಬೇರಿಗೆ ಕಸಿ ಮಾಡಿದ್ದರು, ಕೆಲವನ್ನು ಪೀಚ್ ಬೇರಿಗೆ, ಉಳಿದವನ್ನು ಪ್ಲಮ್ ಬೇರಿಗೆ. ಒಂದೊಂದು ಬೇರಿನವೂ ಆರಾರು ಗಿಡ.

ತಿಂಗಳಿಗೊಮ್ಮೆ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಅಳತೆ ಮಾಡುತ್ತಿದ್ದೆ. ಎರಡನೇ ವರ್ಷಕ್ಕೆ ಪೀಚ್ ಬೇರಿನವು ನನ್ನ ಭುಜ ಮುಟ್ಟಿದವು, ಅವುಗಳಲ್ಲೊಂದು ಹೂವನ್ನೂ ಬಿಟ್ಟಿತು. ಪ್ಲಮ್ ಬೇರಿನವು, ಎರಡೂ ತಳಿಯಲ್ಲಿ, ಸೊಂಟ ದಾಟಲಿಲ್ಲ. ಅವನ್ನು ಕಿತ್ತು ಜಾಗ ಬಿಡಿಸೋಣ ಅಂದೆ.

"ಇರಲಿ ಬಿಡು ತಂಬಿ," ಅಂದರು ಅಜ್ಜಿ. "ಈ ಮಣ್ಣು ನೀರು ಹಿಡಿಯುತ್ತೆ, ಬೇರು ಕೊಳೆಸುತ್ತೆ. ಇವುಗಳ ಎಲೆ ನೋಡು, ಒಂದೂ ಹಳದಿಯಾಗಿಲ್ಲ."

"ಬೆಳೆಯದ್ದನ್ನು ಇಟ್ಟುಕೊಂಡು ಏನು ಮಾಡೋದಮ್ಮಾ?"

"ಪಪ್ಪಾ, ದೇ ಆರ್ ನಾಟ್ ಚಿಪ್ಸ್ ಲಾ," ಅಂದಳು ಮಗಳು ಅಲ್ಲಿಯವರ ಇಂಗ್ಲಿಷಿನಲ್ಲಿ; ಟೆಸ್ಟಿನಲ್ಲಿ ಫೇಲಾದರೆ ಎಸೆಯಲು ಇವೇನು ನಿನ್ನ ಕಾರ್ಖಾನೆಯ ಚಿಪ್ ಅಲ್ಲ ಎಂಬಂತೆ.

ನಾನು ಕೇಳಲಿಲ್ಲ. ಆರನ್ನೂ ಕಿತ್ತೆ. ಬೇರು ಗಟ್ಟಿಯಾಗಿತ್ತು, ಎಲ್ಲೂ ಕೊಳೆತಿರಲಿಲ್ಲ. ಅದನ್ನು ಕಣ್ಣಾರೆ ಕಂಡೂ ಕಸದ ಗುಡ್ಡೆಗೆ ಎಸೆದೆ. ಒಂದನ್ನಾದರೂ ಮನೆ ಹಿಂದೆ ನೆಡಲೇ ಎಂದು ಅಜ್ಜಿ ಕೇಳಿದರು. ನನ್ನ ಅಳತೆಯ ಲೆಕ್ಕ ತಪ್ಪುತ್ತೆ, ಬೇಡ ಅಂದೆ.

ಆ ವರ್ಷದ ಕೊನೆಗೆ ಮಳೆ ವಾರಗಟ್ಟಲೆ ಬಿಡದೆ ಹಿಡಿಯಿತು. ಮೊದಲು ಜರ್ದಾಳು ಬೇರಿನವು ಬಾಡಿದವು. ಆಮೇಲೆ ಪೀಚ್ ಬೇರಿನವೂ ಹಳದಿಯಾದವು. ಅಜ್ಜಿ ಫೋನ್ ಮಾಡಿದ ಮೇಲೆ ಹೋಗಿ ನೋಡಿದರೆ ಬುಡದ ತೊಗಟೆ ಕಪ್ಪಾಗಿ, ಕೈಯಿಟ್ಟರೆ ಜಾರುತ್ತಿತ್ತು. ಒಂದೂ ಉಳಿಯಲಿಲ್ಲ.

ಮುಖ ತೋರಿಸಲು ನಾಚಿಕೆಯಾಗಿ ವರ್ಷವಿಡೀ ಆ ಕಡೆ ಹೋಗಲಿಲ್ಲ. ಕೊನೆಗೆ ಹೋದಾಗ ಆ ಪಟ್ಟಿಯಲ್ಲಿ ಎಲೆಕೋಸು ಎದ್ದಿತ್ತು. ಅಜ್ಜಿ ಎಂದಿನಂತೆ ಟೀ ಕೊಟ್ಟರು. ತಪ್ಪು ನನ್ನದೇ, ನಿಮ್ಮ ಮಾತು ಕೇಳಬೇಕಿತ್ತು ಅಂದೆ.

ಅವರು ಹೇಳಿದರು: "ನೀನು ಹೋದ ಮೇಲೆ ಗುಡ್ಡೆಯಿಂದ ಒಂದನ್ನು ಎತ್ತಿಕೊಂಡಿದ್ದೆ, ತಂಬಿ. ಓದಿದವನು, ಬೇಡ ಅಂದಿದ್ದಾನಲ್ಲ ಅಂತ ಮತ್ತೆ ಅಲ್ಲೇ ಹಾಕಿದೆ."