ಕರಿಯನ ಹೆಗಲಿಗೆ ಹಚ್ಚಿದ ಕಾಡಿಗೆ

ಮೊನ್ನೆ ಭಾನುವಾರ ಮೊಮ್ಮಗಳು ಕನ್ನಡಿಯ ಮುಂದೆ ಕೂತು ಹುಬ್ಬಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಹುಬ್ಬು ದಟ್ಟವಾಗಿ ಬೆಳೆಯುತ್ತದಂತೆ. ನಮ್ಮ ಕಾಲದಲ್ಲಿ ಹುಬ್ಬು ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವಷ್ಟು ದೊಡ್ಡ ಕನ್ನಡಿಯೇ ಮನೆಯಲ್ಲಿರಲಿಲ್ಲ. ನಗು ಬಂತು. ಆದರೆ ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ಎದ್ದು ಹಿತ್ತಲಿಗೆ ಹೋದೆ. "ಯಾಕಜ್ಜಿ, ಏನಾಯ್ತು?" ಅಂದಳು. ಏನೂ ಇಲ್ಲ ಅಂದೆ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಬಾರದು. ಊರಿನ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ, ಮಕ್ಕಳೇ.

ನಾನು ಶ್ರೀನಿವಾಸಪುರದ ಕಡೆಯವಳು. ತವರಿನಲ್ಲಿ ಎಲ್ಲ ತೆಲುಗು. ಮಾಲೂರಿನ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದ ಮೇಲೆ, ಬಾಯಿ ತೆರೆದರೆ ನಗುತ್ತಾರೆಂದು ಸುಮ್ಮನಿರುತ್ತಿದ್ದೆ. ಕೊಟ್ಟಿಗೆಯಲ್ಲಿ ಮಾತ್ರ ನನ್ನ ತೆಲುಗು ಧಾರಾಳವಾಗಿ ನಡೆಯುತ್ತಿತ್ತು. ಅಲ್ಲಿ ಎರಡೆತ್ತು, ಕೆಂಚ ಮತ್ತು ಕರಿಯ. ಕೆಂಚ ಮೇವು ಕಂಡರಷ್ಟೇ ತಿರುಗುವವನು. ಕರಿಯ ಹಾಗಲ್ಲ. "ಏಮಿರಾ, ತಿನ್ನಾವಾ?" ಎಂದು ಊಟ ವಿಚಾರಿಸಿದರೆ ಕಿವಿಗಳನ್ನು ನನ್ನ ಕಡೆ ತಿರುಗಿಸಿಕೊಂಡು ನಿಲ್ಲುತ್ತಿದ್ದ. ಆ ಮನೆಯಲ್ಲಿ ನನ್ನ ಮಾತಿಗೆ ಕಿವಿ ಕೊಟ್ಟವನು ಅವನೊಬ್ಬನೇ ಎಂದರೆ ನಿಮ್ಮ ತಾತ ಇದ್ದಿದ್ದರೆ ಮುನಿಸಿಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ತಾತ ಇಟ್ಟಿಗೆ ಗೂಡಿನಿಂದ ರೈಲ್ವೆ ಸ್ಟೇಷನ್ನಿಗೆ ಎತ್ತಿನ ಗಾಡಿ ಹೊಡೆಯುತ್ತಿದ್ದರು. ಸಂಕ್ರಾಂತಿ ಕಳೆದು ಮಳೆ ಬೀಳುವವರೆಗೆ ಆ ಕೆಲಸ, ವರ್ಷದ ಊಟ ಅದರಲ್ಲೇ. ರಾಗಿ ಹೊಲ ಉಳುವಾಗ ಸೋಮವಾರ ಎತ್ತಿಗೆ ನೊಗ ಇಡುತ್ತಿರಲಿಲ್ಲ, ಅದು ಬಸವಣ್ಣನ ದಿನ. ಇಟ್ಟಿಗೆಯ ಕಾಲದಲ್ಲಿ ಆ ಸೋಮವಾರವೂ ಹೋಯಿತು. ಒಮ್ಮೆ ಮೆಲ್ಲಗೆ ಕೇಳಿದ್ದಕ್ಕೆ ತಾತ, "ಸೋಮವಾರ ಉಳಬಾರ್ದು ಅಂದವ್ರೆ. ಗಾಡಿ ಕಟ್ಟಬಾರ್ದು ಅಂತ ಯಾರಂದವ್ರೆ?" ಅಂದರು. ದೇವರ ಕಟ್ಟಳೆಗೇ ಹೀಗೆ ಸಂದು ಹುಡುಕಿದವರು ಸರ್ಕಾರದ ಕಾನೂನನ್ನು ಬಿಡುತ್ತೇವೆಯೇ?

ಆ ಕಾನೂನು ಛತ್ರಿ ಹಿಡಿದುಕೊಂಡು ಬರುತ್ತಿತ್ತು. ಪ್ರಾಣಿಗಳಿಗೆ ಹಿಂಸೆ ಕೊಡುವವರನ್ನು ಹಿಡಿಯುವ ಇನ್ಸ್‌ಪೆಕ್ಟರು ಒಬ್ಬರಿದ್ದರು, ಬಡಕಲು ಮನುಷ್ಯ. ಮಂಗಳವಾರ, ಶುಕ್ರವಾರ ರೈಲ್ವೆ ಗೇಟಿನ ಬಳಿಯ ಹುಣಸೆ ಮರದ ಕೆಳಗೆ ನಿಂತಿರುತ್ತಿದ್ದರು. ಗೇಟು ಬಿದ್ದು ಗಾಡಿಗಳು ಸಾಲಾಗಿ ನಿಂತಾಗ ಒಂದೊಂದೇ ನೊಗ ಎತ್ತಿಸಿ ಹೆಗಲು ನೋಡುವರು. ಹುಣ್ಣು ಕಂಡರೆ ಎತ್ತನ್ನು ಅಲ್ಲೇ ಬಿಚ್ಚಿಸಿ, ಕೇಸು ಬರೆದು, ದನದ ಡಾಕ್ಟರ ಚೀಟಿ ಸಿಗುವವರೆಗೆ ಗಾಡಿ ಕಟ್ಟಕೂಡದು ಎನ್ನುವರು. ಎದುರಿಗೆ ಬರುವ ಖಾಲಿ ಗಾಡಿಯವರು "ಛತ್ರಿ ನಿಂತೈತೆ!" ಎಂದು ಕೂಗಿದರೆ ಸಾಕು, ನಮ್ಮವರು ಎತ್ತಿನ ಹೆಗಲಿಗೆ ಗೋಣಿತಾಟು ಹೊದಿಸುತ್ತಿದ್ದರು. ಅವರು ಛತ್ರಿಯ ತುದಿಯಿಂದ ಅದನ್ನು ಸರಿಸಿ ನೋಡುತ್ತಿದ್ದರು.

ಆ ವರ್ಷ ಮೊದಲು ಸಿಕ್ಕಿಬಿದ್ದವನು ಪಕ್ಕದ ಮನೆಯ ಮುನಿಯಪ್ಪಣ್ಣ. "ನಮ್ಮೆತ್ತಿಗೆ ಒಂದು ತಿಂಗಳು ರಜ ಕೊಟ್ಟವ್ನೆ ಕಣಕ್ಕಾ. ನನ್ನ ಹೊಟ್ಟೆಗೂ ವಸಿ ರಜ ಕೊಡೋಕೆ ಹೇಳು" ಎಂದು ಬೈದುಕೊಂಡು ಓಡಾಡಿದ.

ಅದರ ಬೆನ್ನಿಗೇ ಕರಿಯನ ಹೆಗಲು ಒಡೆಯಿತು. ಮೊದಲು ಸಿಪ್ಪೆ ಸುಲಿದಷ್ಟೇ. ಅರಿಸಿನ ಹಚ್ಚಿದೆ. ಬೆಳಗಾದರೆ ಅದರ ಮೇಲೇ ನೊಗ. ಹತ್ತು ದಿನದಲ್ಲಿ ಅಂಗೈಯಗಲವಾಯಿತು. ಒಂದು ಗುರುವಾರ ಸಂಜೆ ತಾತ ಕೊಟ್ಟಿಗೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, "ನಾಳೆ ಛತ್ರಿ ಬರ್ತದೆ. ಈ ಸಲದ ಗಾಡಿ ಕೆಲಸ ಮುಗೀತು ಕಣೇ" ಅಂದರು.

ಆಗ ನಿಮ್ಮಪ್ಪ ಇನ್ನೂ ನನ್ನ ಸೊಂಟದ ಮೇಲಿದ್ದ. ಅವನ ಕಣ್ಣಿಗೆಂದು ಹರಳೆಣ್ಣೆ ದೀಪದ ಮೇಲೆ ಕಂಚಿನ ತಟ್ಟೆ ಮಗುಚಿ ಕಾಡಿಗೆ ಹಿಡಿಯುತ್ತಿದ್ದೆ. ನೋಡನೋಡುತ್ತ ಬುದ್ಧಿ ಓಡಿತು. ಮಸಿಗೆ ಎಣ್ಣೆ, ಬೇವಿನ ಮರದ ಅಂಟು ಸೇರಿಸಿ ಗಟ್ಟಿಯಾಗಿ ಕಲಸಿದೆ. ಕರಿಯನ ಹುಣ್ಣಿನ ಮೇಲೆ ಮೆತ್ತಿದೆ. ಅವನ ಬಾಲದ ಕೂದಲನ್ನೇ ಸಣ್ಣಗೆ ಕತ್ತರಿಸಿ ಉದುರಿಸಿ, ಬೆರಳಿನಿಂದ ಒತ್ತಿದೆ. ಕರಿಯ ಒದೆಯಲಿಲ್ಲ. ಔಷಧಿ ಅಂದುಕೊಂಡನೋ ಏನೋ.

ಮರುದಿನ ಮಗುವಿಗೆ ಸೂಜಿ ಹಾಕಿಸಲು ನಾನೂ ಗಾಡಿಯಲ್ಲಿದ್ದೆ. ಇನ್ಸ್‌ಪೆಕ್ಟರು ನೊಗ ಎತ್ತಿಸಿದರು, ಕನ್ನಡಕ ಹಾಕಿಕೊಂಡು ಬಗ್ಗಿದರು. ಕರಿಯನ ಹೆಗಲಿನ ಚರ್ಮ ಅದುರಿತು.

"ನೊಣ ಸಾರ್," ಅಂದರು ತಾತ.

"ಚೆನ್ನಾಗಿ ಸಾಕಿದ್ದೀಯಪ್ಪ" ಎಂದು ಅವರು ಕರಿಯನ ಹಣೆ ಸವರಿದರು. ಆಮೇಲೆ ನನ್ನ ಮಡಿಲು ನೋಡಿ, "ಮಗೂಗೆ ಎಷ್ಟು ಚಂದ ಕಾಡಿಗೆ ಹಚ್ಚಿದ್ದೀಯಮ್ಮ!" ಅಂದರು. ನಾನು ಸೆರಗು ಎಳೆದುಕೊಂಡೆ. ನನ್ನ ಒಂದೇ ಒಂದು ಮಾತು ಸಾಕಿತ್ತು, ಅಲ್ಲೇ ನೊಗ ಬಿಚ್ಚಿಸುತ್ತಿದ್ದರು. ಕರಿಯನ ಕಿವಿ ನನ್ನ ಕಡೆಗೇ ಇತ್ತು. ಗೇಟು ತೆಗೆದರು, ಗಾಡಿ ಹೊರಟಿತು.

ಹಳಿ ದಾಟಿದ ಮೇಲೆ ತಾತ ಹಿಂದಿನ ಗಾಡಿಯವರಿಗೆಲ್ಲ ಕೇಳುವಂತೆ, "ನಮ್ಮನೆಯವಳ ಕೈಚಳಕ ನೋಡ್ರಲಾ!" ಎಂದು ನಕ್ಕರು. ಮದುವೆಯಾದ ಮೇಲೆ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಮುಚ್ಚಿಡುವುದಿಲ್ಲ, ನನಗೆ ಬಹಳ ಸಂತೋಷವಾಯಿತು. ಆ ವಾರವೇ ಬೇರೆ ಗಾಡಿಯವರು ಬಾಗಿಲಿಗೆ ಬಂದು "ಅಕ್ಕಾ, ನಿನ್ನ ಕಾಡಿಗೆ ವಸಿ ಕೊಡು" ಎಂದು ನಿಂತರು. ವೀಳ್ಯದೆಲೆಯಲ್ಲಿಟ್ಟು ಕೊಟ್ಟೆ. ಎಷ್ಟು ಎತ್ತುಗಳ ಹೆಗಲಿಗೆ ಅದು ಹೋಯಿತೋ ನಾನು ಕೇಳಲಿಲ್ಲ.

ಪ್ರತಿ ಸೋಮವಾರ, ಗುರುವಾರ ಸಂಜೆ ಹಳೆಯದರ ಮೇಲೆ ಹೊಸದಾಗಿ ಮೆತ್ತುತ್ತಿದ್ದೆ. ಮೇಲೆ ನುಣುಪಾಗಿ ಮಿರುಗುತ್ತಿತ್ತು. ಒಳಗೆ ಏನಾಗುತ್ತಿದೆ ಎಂದು ನೋಡಲು ಅದನ್ನು ತೆಗೆಯಬೇಕಿತ್ತು, ತೆಗೆಯಲಿಲ್ಲ. ಯುಗಾದಿಯ ಹೊತ್ತಿಗೆ ಕರಿಯ ಮೇವು ಮುಟ್ಟದೆ, ಗೋದಲಿಯಿಂದ ತಲೆ ಎತ್ತದಾದ. ತಾತ ಡಾಕ್ಟರನ್ನು ಕರೆತಂದರು. ಅವರು ಹತ್ತಿಯಿಂದ ಒರೆಸಿದರು. ಮೊದಲು ಕಪ್ಪು ಬಂತು, ಆಮೇಲೆ ಕೀವು, ಆಮೇಲೆ ಹುಳ. ಡಾಕ್ಟರು ಮುಖ ತಿರುಗಿಸಿ, "ಯಾರಪ್ಪ ಇದನ್ನ ಹಚ್ಚಿದ್ದು?" ಎಂದು ಕೇಳಿದರು. ನಾನು ಬಿಸಿನೀರಿನ ಚೊಂಬು ಹಿಡಿದು ಅಲ್ಲೇ ನಿಂತಿದ್ದೆ.

"ನಾನೇ ಸಾರ್," ಅಂದರು ತಾತ. ನನ್ನ ಕಡೆ ನೋಡಲೂ ಇಲ್ಲ.

"ಮನುಷ್ಯನೇನಯ್ಯಾ ನೀನು?" ಅಂದರು ಡಾಕ್ಟರು. ತಾತ ತಲೆ ತಗ್ಗಿಸಿ ಕೇಳಿಸಿಕೊಂಡರು.

ಮೂರನೆಯ ದಿನ ಕರಿಯ ಹೋದ. ಮುನಿಯಪ್ಪಣ್ಣನ ಎತ್ತು ಅಷ್ಟು ಹೊತ್ತಿಗೆ ನೆರಳಲ್ಲಿ ತಿಂಗಳಿಡೀ ಮೇದು, ಹೆಗಲ ಮೇಲೆ ಹೊಸ ಕೂದಲು ಬಂದು ಗಾಡಿಗೆ ಮರಳಿತ್ತು. ಆಮೇಲೂ ಬಹಳ ವರ್ಷ ಬದುಕಿತು. ಕಾನೂನಿಗೆ ಸಿಕ್ಕ ಎತ್ತು ಉಳಿಯಿತು. ನಾನು ಕಾನೂನಿನಿಂದ ಪಾರು ಮಾಡಿದ್ದು ಉಳಿಯಲಿಲ್ಲ. ಪ್ರಾಣಿಗಳಿಗೆ ಎಷ್ಟು ಕಾನೂನು ಮಾಡಿದರೂ ಪ್ರಯೋಜನವಿಲ್ಲ ಎಂದು ಯಾರಾದರೂ ಅಂದರೆ ನನಗೆ ಆ ಬಡಕಲು ಮನುಷ್ಯ ಬಗ್ಗಿ ನೋಡಿದ್ದು ಕಣ್ಣಿಗೆ ಬರುತ್ತದೆ. ಅವರು ವಾರಕ್ಕೆ ಎರಡು ದಿನ ಒಂದು ಗೇಟಿನಲ್ಲಿ ನಿಲ್ಲಬಲ್ಲವರಾಗಿದ್ದರು. ಉಳಿದ ಹೊತ್ತೆಲ್ಲ ಕರಿಯ ನನ್ನ ಕೈಯಲ್ಲೇ ಇದ್ದ.

ನಿಮ್ಮಪ್ಪ ಇದನ್ನು ತಾತನ ಜಾಣತನದ ಕಥೆಯಾಗಿ ಹೇಳುತ್ತಾನೆ, ಇನ್ಸ್‌ಪೆಕ್ಟರ ಕಣ್ಣಿಗೆ ಮಣ್ಣೆರಚಿದ ಕಥೆ. ನೀವು ನಗುತ್ತೀರಿ. ಒಬ್ಬಳು ಮಾತ್ರ ಒಮ್ಮೆ "ತಾತ ಅಷ್ಟು ಕೆಟ್ಟೋರಾ ಅಜ್ಜಿ?" ಎಂದು ಕೇಳಿದ್ದಳು. ಆಗಲೂ ನಾನು ಸುಮ್ಮನಿದ್ದೆ. ಹಚ್ಚಿದ್ದು ನಾನು. ಅವರು ತಮ್ಮ ಮೇಲೆ ಹಾಕಿಕೊಂಡರು, ಸಾಯುವವರೆಗೆ ಒಂದು ದಿನವೂ ಎತ್ತಿ ಆಡಲಿಲ್ಲ.

ಬರೆದ ಮೇಲೆ ಈ ಹಾಳೆಗಳನ್ನು ಟ್ರಂಕಿನಲ್ಲಿಡಬೇಕು, ನಾನು ಹೋದ ಮೇಲೆ ನೀವು ನೋಡಿಕೊಳ್ಳುತ್ತೀರಿ ಎಂದುಕೊಂಡಿದ್ದೆ. ಈಗ ಬೇಡ ಅನ್ನಿಸುತ್ತಿದೆ. ಸಂಜೆ ನೀವೆಲ್ಲ ಊಟಕ್ಕೆ ಕೂತಾಗ, ನಿಮ್ಮಪ್ಪನೂ ಇರುವಾಗ, ನಾನೇ ಗಟ್ಟಿಯಾಗಿ ಓದುತ್ತೇನೆ.