ಬೇರೆಯವರ ನಂಬರಿಗೆ ಹಾಕಿದ ಹಾಲು

ನಮ್ಮೂರಿನ ಮಹಿಳಾ ಡೈರಿಯ ಕಂಪ್ಯೂಟರಿನ ಮೇಲೆ ನನಗಿರುವ ಸಿಟ್ಟು ಮನೆಯಲ್ಲಿ ಎಲ್ಲರಿಗೂ ತಮಾಷೆಯ ವಿಷಯ. ಮೈಸೂರಿಗೆ ಹೋಗಿ ಕಂಪ್ಯೂಟರ್ ವಿಜ್ಞಾನದಲ್ಲೇ ಎಂ.ಎಸ್ಸಿ. ಮಾಡಿ ಬಂದವನು ಕಂಪ್ಯೂಟರನ್ನು ನಂಬುವುದಿಲ್ಲ ಎಂದರೆ ಅಣ್ಣನಿಗೆ ನಗು ತಡೆಯುವುದಿಲ್ಲ. ನಾನು ನಂಬದಿರುವುದು ಕಂಪ್ಯೂಟರನ್ನಲ್ಲ, ಒಳಗೇನಿದೆ ಎಂದು ಯಾರಿಗೂ ತೋರಿಸದೆ ನಂಬು ಎನ್ನುವವರನ್ನು ಎಂದು ಎಷ್ಟು ಸಲ ಹೇಳಿದರೂ ಅವನಿಗೆ ಎರಡೂ ಒಂದೇ.

ನಮ್ಮದು ಹಳೇಕೋಟೆ ಹೋಬಳಿಯ ಊರು. ನಾನು ಅರಕಲಗೂಡಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬೆಳಿಗ್ಗೆ ಹೊಳೆನರಸೀಪುರದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸು. ಊರಿನಲ್ಲಿ ಬಸ್ಸು ನಿಲ್ಲುವ ಜಾಗ ಡೈರಿಯ ಎದುರಿಗೇ ಇದೆ. ಹಾಗಾಗಿ ಹೆಂಗಸರು ಹಾಲು ತಂದು ಹಾಕುವುದನ್ನು ನಾನು ವರ್ಷಗಳಿಂದ ದಿನವೂ ನೋಡುತ್ತ ಬಂದಿದ್ದೇನೆ. ಅಥವಾ ನೋಡಿದ್ದೇನೆ ಎಂದುಕೊಂಡಿದ್ದೇನೆ. ಈ ಎರಡರ ನಡುವೆ ಇರುವ ವ್ಯತ್ಯಾಸ ನನಗೆ ತಿಳಿದದ್ದು ಹಾಸನದ ಒಂದು ಕಚೇರಿಯಲ್ಲಿ. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಕಡೆ ಹಾಲು ಕೂಡಿಸಿ ಹಾಕುವ ಒಂದು ಪದ್ಧತಿ ಇದೆ. ಹಸು ಬತ್ತುತ್ತಾ ಬಂದಾಗ ಒಂದು ಹೊತ್ತಿಗೆ ಅರ್ಧ ಲೀಟರೋ ಮುಕ್ಕಾಲು ಲೀಟರೋ ಕರೆಯುತ್ತದೆ. ಅಷ್ಟಕ್ಕೆ ಕ್ಯಾನು ತೊಳೆದು, ಸೀರೆ ಸರಿಮಾಡಿಕೊಂಡು, ಸಾಲಿನಲ್ಲಿ ನಿಲ್ಲುವವರು ಯಾರು? ಪಕ್ಕದ ಮನೆಯವಳ ಕ್ಯಾನಿಗೆ ಸುರಿದು ಕಳಿಸುತ್ತಾರೆ. ಮುಂದೆ ಅವಳ ಹಸು ಬತ್ತಿದಾಗ ಅವಳದ್ದು ಇವಳ ಕ್ಯಾನಿಗೆ. ಬಟವಾಡೆಯ ದಿನ ತಾವೇ ಹಂಚಿಕೊಳ್ಳುತ್ತಾರೆ. ಮೊದಲು ಅಳೆಯುವ ಹೊತ್ತಿನಲ್ಲಿ ಹಾಲು ತಂದವಳು ಎಲ್ಲರಿಗೂ ಕೇಳುವ ಹಾಗೆ, ಇದರಲ್ಲಿ ಇಂಥವಳದ್ದೂ ಇದೆ ಎಂದು ಕೂಗಿ ಹೇಳುತ್ತಿದ್ದಳು. ಸೆಕ್ರೆಟರಿ ಹೂಂಗುಟ್ಟುತ್ತಿದ್ದಳು. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡಿರುತ್ತಿದ್ದರು. ಅಷ್ಟಾದರೆ ಸಾಕಾಗಿತ್ತು.

ಕಂಪ್ಯೂಟರು ಬಂದಮೇಲೆ ಕೂಗುವುದು ನಿಂತಿತು. ಯಂತ್ರಕ್ಕೆ ಬೇಕಾದದ್ದು ಒಂದು ನಂಬರು. ಹಾಲು ತಂದವಳು ತನ್ನ ನಂಬರು ಹೇಳುತ್ತಾಳೆ, ಸೆಕ್ರೆಟರಿ ಒತ್ತುತ್ತಾಳೆ, ಯಂತ್ರ ಹಾಲಿನ ಫ್ಯಾಟು ನೋಡಿ, ಅದಕ್ಕೆ ತಕ್ಕ ದರ ಹಾಕಿ ಚೀಟಿ ಉಗುಳುತ್ತದೆ. ಕೂಡಿಸುವುದು ಮಾತ್ರ ನಿಲ್ಲಲಿಲ್ಲ. ಹಸು ಬತ್ತುವುದು ನಿಂತಿರಲಿಲ್ಲವಲ್ಲ!

ನಮ್ಮ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಕಳೆದ ವರ್ಷದ ಕೊನೆಗೆ ಡೈರಿಯ ಆಡಳಿತ ಮಂಡಳಿಗೆ ನಿಲ್ಲುತ್ತೇನೆ ಎಂದಳು. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ, ಊಟಕ್ಕೆ ಕೂತಾಗ ಹೇಳಿದಳು ಅಷ್ಟೆ. ಯಾಕೆ ಎಂದು ಅಣ್ಣ ಕೇಳಿದ.

"ಫ್ಯಾಟು ತೋರ್ಸೋ ಆ ಪರದೆ ಗ್ವಾಡೆ ಕಡೀಕ್ ಮಕ ಮಾಡ್ಕಂಡ್ ಕುಂತೈತೆ. ಆಲು ನಮ್ದು, ನೋಡೋಳು ಸೆಕ್ರೆಟ್ರಿ ಒಬ್ಳೇ. ನಮ್ ಕಡೀಕ್ ತಿರುಗ್ಸಿ ಅಂದ್ರೆ ಯಾರೂ ಕಿವಿಗೇ ಆಕ್ಕೊಳಾಕಿಲ್ಲ. ನಾನೇ ಓಗಿ ಕುಂತು ತಿರುಗುಸ್ತೀನಿ."

ನನಗೆ ಖುಷಿಯಾಯಿತು. ಕಾಲೇಜಿನಲ್ಲಿ ನಾನು ಬಾಯಿ ನೋಯುವ ಹಾಗೆ ಹೇಳುವ ಮಾತಿಗೂ ಇದಕ್ಕೂ ಬಹಳ ದೂರವಿರಲಿಲ್ಲ. ಜನರ ಕೆಲಸಕ್ಕೆ ಬಳಸುವ ಸಾಫ್ಟ್‌ವೇರ್ ಜನರು ಬಿಚ್ಚಿ ನೋಡುವ ಹಾಗಿರಬೇಕು. ಯಾರು ಬೇಕಾದರೂ ಓದಬಹುದು, ತಪ್ಪಿದ್ದರೆ ತೋರಿಸಬಹುದು, ತಿದ್ದಬಹುದು, ಅಂಥ ಸಾಫ್ಟ್‌ವೇರ್‌ಗೇ ಮೊದಲ ಆದ್ಯತೆ ಎಂದು ಸರ್ಕಾರದ ನೀತಿಯೂ ಹೇಳುತ್ತದೆ. ನೀತಿ ಕಾಗದದ ಮೇಲೆ ಚೆನ್ನಾಗಿದೆ. ಅದು ದೆಹಲಿಯಿಂದ ಹೊರಟು ಹೋಬಳಿಯ ಡೈರಿಗೆ ಬರುವಷ್ಟರಲ್ಲಿ ಯಾವುದೋ ಕಂಪನಿಯ ಏಜೆಂಟನ ಚೀಲದಲ್ಲಿ ಕೂತಿರುತ್ತದೆ. ಇದನ್ನೆಲ್ಲ ಉತ್ಸಾಹದಲ್ಲಿ ಅತ್ತಿಗೆಗೆ ವಿವರಿಸಿದೆ. ಫ್ರೀ ಸಾಫ್ಟ್‌ವೇರ್ ಅನ್ನುತ್ತಾರೆ ಎಂದೂ ಹೇಳಿದೆ.

"ಫ್ರೀನಾ? ನಮ್ ಬಸ್ಸಿನಂಗಾ?" ಎಂದಳು. "ಅಂಗಾದ್ರೆ ಗಂಡಸ್ರಿಗೆ ಇಲ್ಲ ಕಣ್ ಮೇಷ್ಟ್ರೇ, ನೀನು ಸುಮ್ನಿರು."

ನಾಮಪತ್ರಕ್ಕೆ ಇನ್ನೂ ಒಂದು ವಾರವಿರುವಾಗ ಸೆಕ್ರೆಟರಿ ಮನೆಗೇ ಬಂದು ವಿಷಯ ಹೇಳಿದಳು. ಒಳ್ಳೆಯ ಹೆಂಗಸು, ನಿಂತೇ ಇದ್ದಳು, ಕಾಫಿಯನ್ನೂ ಕುಡಿಯಲಿಲ್ಲ. ವರ್ಷದಲ್ಲಿ ಇಂತಿಷ್ಟು ದಿನ ಹಾಲು ಹಾಕಿದವರಿಗೆ ಮಾತ್ರ ಓಟು ಹಾಕುವ, ಚುನಾವಣೆಗೆ ನಿಲ್ಲುವ ಹಕ್ಕು. ಅತ್ತಿಗೆಯ ನಂಬರಿಗೆ ಅಷ್ಟು ದಿನದ ಹಾಲು ಬಿದ್ದಿಲ್ಲ ಎಂದು ಕಂಪ್ಯೂಟರು ಹೇಳುತ್ತಿದೆ.

"ಯಾಕ್ ಬಿದ್ದಿಲ್ಲ?" ಎಂದಳು ಅತ್ತಿಗೆ. "ಸೀಮೆಹಸು ಬತ್ತಿದಾಗ ನಂದು ಪಕ್ಕದ್ ಮನೆ ಅಕ್ಕನ್ ಕ್ಯಾನಲ್ಲಿ ಬರ್ತಿತ್ತು. ನೀನೇ ಅಳ್ದಿದ್ದೀಯ!"

"ಅಳ್ದಿವ್ನಿ ಕಣಕ್ಕ, ಇಲ್ಲ ಅನ್ನಾಕಿಲ್ಲ. ನಂಬರು ಅವ್ರುದ್ ಒತ್ತಿವ್ನಿ. ಅದ್ರಲ್ಲಿ ಎಲ್ಡ್ ನಂಬರ್ ಒತ್ತಾಕೆ ಜಾಗಾನೇ ಇಲ್ಲ."

ಆ ಶನಿವಾರ ನಾನು ಚನ್ನರಾಯಪಟ್ಟಣಕ್ಕೆ ಹೋದೆ. ಸಾಫ್ಟ್‌ವೇರ್ ಹಾಕಿಕೊಟ್ಟ ಏಜೆಂಟನ ಅಂಗಡಿ ಅಲ್ಲಿದೆ. ಮುಂದೆ ಮೊಬೈಲ್ ರಿಪೇರಿ, ಹಿಂದೆ ಈ ವ್ಯವಹಾರ. ಎರಡನೇ ನಂಬರಿಗೆ ಒಂದು ಜಾಗ ಮಾಡಿಕೊಡಿ, ಹಳೆಯ ದಿನಗಳನ್ನು ಸೆಕ್ರೆಟರಿ ಸರಿಪಡಿಸಲಿ ಎಂದು ಕೇಳಿದೆ.

"ಅದು ನಮ್ ಕೈಲಿಲ್ಲ ಸಾ. ಮೇಲಿಂದ ಬರ್ಬೇಕು."

"ಮೇಲೆ ಅಂದರೆ ಯಾರು?"

"ಕಂಪ್ನಿ ಸಾ."

"ಕಂಪನಿಯವರ ಹತ್ತಿರ ಮಾತಾಡಿಸಿ."

"ಅವ್ರು ನಮ್ ಹತ್ರಾನೇ ಮಾತಾಡಲ್ಲ ಸಾ, ನಿಮ್ ಹತ್ರ ಮಾತಾಡ್ತಾರಾ?" ಎಂದು ನಕ್ಕ. ಅವನಿಗೂ ಬೇಜಾರಿತ್ತು ಅನ್ನಿಸುತ್ತದೆ. ಪ್ರೋಗ್ರಾಮನ್ನು ನನಗೆ ಕೊಡಿ, ನನ್ನ ಕಾಲೇಜಿನ ಹುಡುಗಿಯರು ಪ್ರಾಜೆಕ್ಟು ಅಂತ ಮಾಡಿ ಈ ಒಂದು ಜಾಗ ಸೇರಿಸಿಕೊಡುತ್ತಾರೆ ಎಂದೆ. ಯಾರೋ ತನ್ನ ಮನೆಯ ಬೀರುವಿನ ಕೀಲಿ ಕೇಳಿದ ಹಾಗೆ ನನ್ನನ್ನು ನೋಡಿದ.

ಇಲ್ಲಿ ಒಂದು ಅನುಮಾನ. ಈ ಮಾತನ್ನು ಆಡಿದ್ದು ಅವತ್ತೋ, ಅಥವಾ ಬಸ್ಸಿನಲ್ಲಿ ವಾಪಸು ಬರುವಾಗ ಹೀಗೆ ಹೇಳಬೇಕಿತ್ತು ಎಂದು ಮನಸ್ಸಿನಲ್ಲೇ ಆಡಿಕೊಂಡದ್ದೋ, ಈಗ ಖಾತ್ರಿಯಿಲ್ಲ. ಅವನು ಹಾಗೆ ನೋಡಿದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಹಾಗಾದರೆ ನಾನು ಕೇಳಿರಲೇಬೇಕು. ಕಣ್ಣಿಗೆ ಕಟ್ಟಿದ್ದೆಲ್ಲ ನಡೆದದ್ದೇ ಆಗಬೇಕೆಂದಿಲ್ಲ ಎಂಬುದೂ ಗೊತ್ತು.

ಸೋಮವಾರ ನಾವು ಮೂವರು ಹಾಸನಕ್ಕೆ ಹೋದೆವು. ಇಂಥ ತಕರಾರು ಕೇಳುವ ಕಚೇರಿ ಅಲ್ಲಿದೆ. ಅತ್ತಿಗೆ ರೇಷ್ಮೆಯಂಚಿನ ಸೀರೆ ಉಟ್ಟಿದ್ದಳು. ಪಕ್ಕದ ಮನೆಯ ಅಕ್ಕ ದಾರಿಯುದ್ದಕ್ಕೂ, ನಾನ್ ಏಳ್ತೀನಿ ಬಾ, ನನ್ ಬಾಯಿಂದ್ಲೇ ಏಳುದ್ ಮ್ಯಾಕೆ ಇನ್ನೇನೈತೆ ಎನ್ನುತ್ತಿದ್ದಳು. ಟಿಕೆಟ್ಟು ತೆಗೆದುಕೊಂಡವನು ನಾನೊಬ್ಬನೇ. ಅದಕ್ಕೂ ಇಬ್ಬರೂ ನಕ್ಕರು.

ಅಧಿಕಾರಿ ಒರಟನಲ್ಲ. ನಮ್ಮನ್ನು ಕೂರಿಸಿ, ನೀರು ತರಿಸಿ, ಎಲ್ಲವನ್ನೂ ಕೇಳಿದರು. ಆಮೇಲೆ ಅಕ್ಕನ ಕಡೆ ತಿರುಗಿದರು.

"ಇವರ ಹಾಲು ನಿಮ್ಮ ನಂಬರಿಗೆ ಹಾಕ್ತಿದ್ರಿ ಅಂತೀರಲ್ಲಮ್ಮ, ಇದನ್ನ ಬರೆದು ಕೊಡ್ತೀರಾ?"

"ಕೊಡ್ತೀನಿ ಸಾ."

"ಬೇರೆಯವರ ಹಾಲನ್ನ ತನ್ನ ನಂಬರಿಗೆ ಹಾಕೋದು ನಿಯಮಕ್ಕೆ ವಿರುದ್ಧ. ನೀವೇ ಬರೆದುಕೊಟ್ಟರೆ ನಿಮ್ಮ ಸದಸ್ಯತ್ವಕ್ಕೂ ನೋಟಿಸ್ ಕೊಡಬೇಕಾಗುತ್ತೆ. ಯೋಚನೆ ಮಾಡಿ."

ಅಕ್ಕ ಅತ್ತಿಗೆಯ ಮುಖ ನೋಡಿದಳು. ಆಮೇಲೆ ಸೆರಗಿನ ತುದಿ ನೋಡಿದಳು. ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಳು. ಅವಳನ್ನು ನಾನು ದೂರುವುದಿಲ್ಲ. ಊರೆಲ್ಲ ಮಾಡುವ ಒಂದು ಸಹಾಯಕ್ಕೆ ಅವಳೊಬ್ಬಳು ಯಾಕೆ ಡೈರಿ ಬಿಡಬೇಕು?

"ಮೂರನೆಯವರು ಯಾರಾದರೂ ನೋಡಿದಾರಾ?" ಎಂದರು ಅಧಿಕಾರಿ. "ನೋಡಿದವರು ಒಬ್ಬರು ಬರೆದುಕೊಟ್ಟರೂ ಪರಿಶೀಲನೆಗೆ ಹಾಕಬಹುದು. ಅವರಿಗೆ ತೊಂದರೆ ಇಲ್ಲ."

ಅತ್ತಿಗೆ ನನ್ನನ್ನು ತೋರಿಸಿದಳು. "ನಮ್ ಮೈದುನ ಸಾ. ದಿನಾ ಅಲ್ಲೇ ಬಸ್ಸಿಗ್ ನಿಂತಿರ್ತಾರೆ. ಎಲ್ಲಾ ನೋಡವ್ರೆ."

ನೋಡಿದ್ದೇನೆ ಎಂದೆ. ಯಾವ ತಿಂಗಳು ಎಂದು ಕೇಳಿದರು. ಮಳೆ ಹಿಂದಾದ ಮೇಲೆ ಎಂದೆ. ಏನು ನೋಡಿದಿರಿ? ಅತ್ತಿಗೆ ತನ್ನ ಚೊಂಬಿನಿಂದ ಅಕ್ಕನ ಕ್ಯಾನಿಗೆ ಹಾಲು ಸುರಿಯುವುದನ್ನು ಎಂದೆ. ಎಲ್ಲಿ? ಡೈರಿಯ ಮುಂದೆ ಎಂದು ಹೇಳಹೊರಟವನು ನಿಂತೆ. ಡೈರಿಯ ಮುಂದೆ ಸುರಿಯುವುದಿಲ್ಲ, ಮನೆಯಲ್ಲೇ ಸುರಿದು ಕಳಿಸುತ್ತಾರೆ. ಡೈರಿಗೆ ಬರುವುದು ಅಕ್ಕ ಒಬ್ಬಳೇ. ಹಾಗಾದರೆ ಚೊಂಬಿನಿಂದ ಸುರಿಯುವುದನ್ನು ನಾನು ಎಲ್ಲಿ ಕಂಡೆ? ನಮ್ಮ ಜಗಲಿಯಲ್ಲಿ ಇರಬೇಕು. ಆದರೆ ಹಾಲು ಕರೆಯುವ ಹೊತ್ತಿಗೆ ನಾನು ಸ್ನಾನಕ್ಕೆ ಹೋಗಿರುತ್ತೇನೆ. ಒಂದು ಭಾನುವಾರ ಕಂಡಿರಬಹುದು. ಆ ಭಾನುವಾರ ಕಳೆದ ವರ್ಷದ್ದೋ, ಅದರ ಹಿಂದಿನ ವರ್ಷದ್ದೋ? ಆಗ ಇದ್ದದ್ದು ಈ ಸೀಮೆಹಸುವೋ, ಮಾರಿದ ಹಸುವೋ? ಚಿತ್ರ ಸ್ಪಷ್ಟವಾಗಿತ್ತು, ಅದಕ್ಕೆ ದಿನವಿರಲಿಲ್ಲ. ನಿಜವಾಗಿ ನಡೆದಿದೆ ಎಂಬುದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ನಾನು ನೋಡಿದೆ ಎಂಬುದರಲ್ಲಿ ಅನುಮಾನ.

"ಅವರು ಹೇಳ್ತಿರೋದು ನಿಜ ಸರ್," ಎಂದೆ. "ಆದರೆ ಆ ದಿನಗಳಲ್ಲಿ ನಾನೇ ಕಣ್ಣಾರೆ ಕಂಡೆ ಅಂತ ಖಚಿತವಾಗಿ ಬರೆಯಲಾರೆ."

ಅವರು ಅದನ್ನೇ ಬರೆದುಕೊಂಡರು. ನನ್ನ ಮಾತಿನ ಮೊದಲ ಅರ್ಧ ಬಿಟ್ಟುಹೋಯಿತು.

ಆಗ ನನಗೆ ಸಿಟ್ಟು ಬಂತು. "ನನ್ನನ್ನ ಇಷ್ಟು ಕೇಳಿದಿರಿ. ಯಾವ ತಿಂಗಳು, ಎಲ್ಲಿ, ಹೇಗೆ ಅಂತ. ಆ ಸಾಫ್ಟ್‌ವೇರನ್ನ ಯಾರಾದರೂ ಒಂದು ಪ್ರಶ್ನೆ ಕೇಳಿದಾರಾ? ಅದು ಎಣಿಸೋದು ಹೇಗೆ, ಬಿಟ್ಟದ್ದು ಏನು, ಕರೆಂಟು ಹೋದ ದಿನದ ಹಾಲು ಎಲ್ಲಿಗೆ ಹೋಯ್ತು? ನಿಮಗೆ ಗೊತ್ತಾ?"

"ನನಗೆ ಹೇಗೆ ಗೊತ್ತಾಗುತ್ತೆ ಸರ್," ಎಂದರು ಅವರು, ಸ್ವಲ್ಪವೂ ಕೋಪವಿಲ್ಲದೆ. "ಅದು ಸಿಸ್ಟಮ್ಮು. ಅದಕ್ಕೆ ಈ ತರ ಅನುಮಾನ ಬರಲ್ಲ. ನೀವೇ ಕಂಪ್ಯೂಟರ್ ಪಾಠ ಮಾಡೋರು, ನಿಮಗೆ ನಾನು ಹೇಳಬೇಕಾ?"

ನಾನು ಅನುಮಾನಿಸಿದೆ, ಆದ್ದರಿಂದ ನನ್ನ ಮಾತು ಹೋಯಿತು. ಯಂತ್ರವನ್ನು ಯಾರೂ ಕೇಳುವ ಹಾಗಿಲ್ಲ, ಆದ್ದರಿಂದ ಅದರ ಮಾತು ನಿಂತಿತು. ಬಿಚ್ಚಿ ನೋಡಬಹುದಾದದ್ದು ಹೆಚ್ಚು ನಂಬಿಕೆಗೆ ಯೋಗ್ಯ ಎಂದು ನಾನು ತರಗತಿಯಲ್ಲಿ ಹೇಳಿಕೊಡುತ್ತೇನೆ. ಆ ಕೋಣೆಯಲ್ಲಿ ಬಿಚ್ಚಿ ನೋಡಲು ಸಿಕ್ಕಿದ್ದು ನಾನೊಬ್ಬನೇ. ಬಿಚ್ಚಿ ನೋಡಿ ಪಕ್ಕಕ್ಕಿಟ್ಟರು.

ವಾಪಸು ಬರುವಾಗ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಅತ್ತಿಗೆ ಮಾತು ತೆಗೆದಳು.

"ಹೂಂ ಅಂದ್ಬುಟ್ಟಿದ್ರೆ ನಿನ್ ಗಂಟೇನ್ ಓಗ್ತಿತ್ತು?"

"ಸುಳ್ಳು ಹೇಳ್ಲಾ ಅತ್ಗೆ?"

"ಸುಳ್ಳಾ? ನಾನ್ ಆಲು ಆಕಿದ್ದು ಸುಳ್ಳಾ?"

"ಅದಲ್ಲ. ನಾನು ನೋಡಿದ್ದು..."

"ನೋಡಿದ್ದಂತೆ! ನಿನ್ ಕಣ್ಣು ಯಾವಾಗ್ಲೂ ಆ ಮೊಬೈಲ್ನಾಗೇ ಇರ್ತದೆ, ನೀನೇನ್ ನೋಡೀಯ. ಮಿಷಿನ್ನು ನೋಡ್ದೆ ಏಳ್ತು, ನೀನು ನೋಡುದ್ರೂ ಏಳ್ಳಿಲ್ಲ. ಇಬ್ರೂ ಸೇರಿ ನನ್ನ ಮನೇಲ್ ಕುಂಡ್ರಿಸ್ದ್ರಿ."

ಅಕ್ಕ ನಡುವೆ ಬಂದಳು. "ಓಗ್ಲಿ ಬುಡವ್ವ, ಮುಂದಿನ್ ಸಲ..."

"ನೀನ್ ಸುಮ್ಕಿರಕ್ಕ. ದಾರೀಲೆಲ್ಲ ಬಾಯಿ ಇತ್ತು, ವಳೀಕ್ ಓದ್ಮ್ಯಾಕೆ ಎಲ್ ಓಯ್ತು?"

ಊರು ತಲುಪುವವರೆಗೂ ಮೂವರೂ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಇದನ್ನು ಅಣ್ಣನಿಗೆ ಹೇಳಿದರೆ, ಸೀಟು ಇರಲಿಲ್ಲ ಅದಕ್ಕೆ ಎನ್ನುತ್ತಾನೆ. ಅವನು ಬಸ್ಸಿನಲ್ಲೇ ಇರಲಿಲ್ಲ.

ಅತ್ತಿಗೆಯ ನಾಮಪತ್ರ ತೆಗೆದುಕೊಳ್ಳಲಿಲ್ಲ. ಚುನಾವಣೆ ಸಲೀಸಾಗಿ ನಡೆಯಿತು. ನಾನು ಮೇಲಿನವರಿಗೆ ಬರೆದೆ. ಜನರ ಹಕ್ಕು ತೀರ್ಮಾನಿಸುವ ಸಾಫ್ಟ್‌ವೇರಿನ ಒಳಗು ಜನರಿಗೆ ತೆರೆದಿರಬೇಕು, ಅಲ್ಲಿಯವರೆಗೆ ಅದರ ಮಾತೊಂದನ್ನೇ ಹಿಡಿದು ಯಾರನ್ನೂ ಹೊರಗಿಡಬಾರದು ಎಂದು ಕೇಳಿದೆ. ನಿಮ್ಮ ಅರ್ಜಿ ಸಂಬಂಧಪಟ್ಟ ವಿಭಾಗಕ್ಕೆ ಹೋಗಿದೆ ಎಂದು ಮೊಬೈಲಿಗೆ ಒಂದು ಸಂದೇಶ ಬಂತು. ಸಂಬಂಧಪಟ್ಟವರು ಯಾರೆಂದು ಅದರಲ್ಲಿ ಇರಲಿಲ್ಲ.

ಈ ಬೇಸಿಗೆಯಲ್ಲಿ ಅಕ್ಕನ ಹಸು ಬತ್ತಿತು. ಒಂದು ಬೆಳಿಗ್ಗೆ ಅವಳು ಸಣ್ಣ ಪಾತ್ರೆಯಲ್ಲಿ ಹಾಲು ಹಿಡಿದುಕೊಂಡು ನಮ್ಮ ಜಗಲಿಗೆ ಬಂದಳು. ನಾನು ಅಲ್ಲೇ ಬೂಟು ಹಾಕಿಕೊಳ್ಳುತ್ತಿದ್ದೆ. ಇದನ್ನು ಕಂಡೆ ಎಂದು ಯಾರ ಮುಂದೆ ಬೇಕಾದರೂ ಬರೆದುಕೊಡುತ್ತೇನೆ. ಅತ್ತಿಗೆ ತನ್ನ ಕ್ಯಾನಿನ ಮುಚ್ಚಳ ತೆಗೆಯಲಿಲ್ಲ.

"ನಿಂದು ನಿನ್ ನಂಬರ್ಗೇ ಆಕ್ಕೊಳಕ್ಕ," ಎಂದಳು. "ಆಮೇಲ್ ನೀನೂ ನನ್ನಂಗ್ ಆಗ್ಬೇಡ."

ಅಕ್ಕ ಪಾತ್ರೆಗೆ ಸೆರಗು ಮುಚ್ಚಿಕೊಂಡಳು. ಆಮೇಲೆ ಇಬ್ಬರೂ ಡೈರಿಗೆ ಹೊರಟರು, ಒಬ್ಬಳು ಮುಂದೆ, ಒಬ್ಬಳು ಹಿಂದೆ. ಸಾಲಿನಲ್ಲಿ ಆ ದಿನ ಚೊಂಬು ಹಿಡಿದು, ಲೋಟ ಹಿಡಿದು ನಿಂತವರೇ ಹೆಚ್ಚಾಗಿದ್ದರು. ಸೆಕ್ರೆಟರಿ ಒಬ್ಬೊಬ್ಬರ ನಂಬರನ್ನೂ ಬೇರೆ ಬೇರೆಯಾಗಿ ಒತ್ತುತ್ತಿದ್ದಳು. ಸಾಲು ಮುಗಿಯುವ ಮೊದಲೇ ನನ್ನ ಬಸ್ಸು ಬಂತು.