ಚೀಲ ನಂಬಿದ ಅಜ್ಜಿ

ವಿಜಯವಾಡದ ಆಸ್ಪತ್ರೆಯೊಂದರಲ್ಲಿ ಅತ್ತೆಯ ರಿಪೋರ್ಟಿಗಾಗಿ ಕಾಯುತ್ತಾ ಕೂತಿದ್ದೆ. ಮಡಿಲಲ್ಲಿದ್ದ ಕೈಚೀಲವನ್ನು ಯಾರೋ ಮೆಲ್ಲಗೆ ಜಗ್ಗಿದರು. ನೋಡಿದರೆ ಇಳಕಲ್ ಸೀರೆಯುಟ್ಟ ಒಬ್ಬ ಅಜ್ಜಿ. ಚೀಲದ ಮೇಲೆ ವಿಶಾಖಪಟ್ಟಣದ ಕನ್ನಡ ಸಂಘವೊಂದರ ಲಾಂಛನ, ಅದರ ಕೆಳಗೆ ‘ಕನ್ನಡದಲ್ಲಿ ಕೇಳಿ, ನಾವಿದ್ದೇವೆ’ ಎಂಬ ಸಾಲು. ಅಜ್ಜಿಯ ಬೆರಳು ಆ ಸಾಲಿನ ಮೇಲಿತ್ತು.

“ಕೇಳ್ರಿ ಅಂತ ಬರದೀರಲ್ಲ, ಅದಕ್ಕ ಕೇಳ್ತೀನಿ. ನಮ್ಮ ಮನಿಯವ್ರಿಗೆ ಈಗ ಆಪರೇಷನ್ ಐತಿ. ಏನೂ ತಿನ್ನಸಬ್ಯಾಡ ಅಂದಿದ್ಲು ಮಗಳು, ಅಕಿ ಔಷಧಿ ತರಾಕ ಹೋಗ್ಯಾಳ. ಬರೇ ಹೊಟ್ಟ್ಯಾಗ ಹೊಸ್ತಿಲ ದಾಟಸಬಾರದಂತ ನಾ ಹಾಲಾಗ ರೊಟ್ಟಿ ನೆನಸಿ ತಿನಿಸೀನಿ. ಇದನ್ನ ಯಾರಿಗೆ ಹೇಳ್ಲಿ?”

ಓಡಿಹೋಗಿ ನರ್ಸಿಗೆ ತೆಲುಗಿನಲ್ಲಿ ಹೇಳಿದೆ. ಹಾಗೇ ಮತ್ತು ಬರಿಸಿದ್ದರೆ ಜೀವಕ್ಕೇ ಅಪಾಯವಿತ್ತಂತೆ. ಆಪರೇಷನ್ ಮರುದಿನಕ್ಕೆ ಹೋಯಿತು. ನೀವು ಅವರಿಗೆ ಏನಾಗಬೇಕು ಎಂದು ನರ್ಸ್ ನನ್ನನ್ನು ಕೇಳಿದರು. ಭಾಷೆ ಬಾರದಿದ್ದರೂ ಪ್ರಶ್ನೆ ಅರ್ಥವಾದವರಂತೆ, ನನ್ನ ಹಿಂದೆಯೇ ಬಂದಿದ್ದ ಅಜ್ಜಿ ನನ್ನ ಕೈ ಹಿಡಿದು, “ಸಂಘದವ್ರು, ನಮ್ಮವ್ರು” ಅಂದುಬಿಟ್ಟರು.

ನಿಜಕ್ಕೂ ನಾನು ಸಂಘದವಳಾಗಿರಲಿಲ್ಲ. ವಿಶಾಖಪಟ್ಟಣದ ಮಧುರವಾಡದಲ್ಲಿ ನಮ್ಮ ಪಕ್ಕದ ಮನೆಯವರು ಕರಿಬೇವು ತುಂಬಿ ಕೊಟ್ಟಿದ್ದ ಚೀಲ ಅದು. ಊರಿಗೆ ಮರಳಿ ಅದನ್ನು ಹಿಂತಿರುಗಿಸಲು ಹೋದವಳು ಸಂಘಕ್ಕೆ ಹೆಸರು ಕೊಟ್ಟು, ಚೀಲವನ್ನೂ ಇಟ್ಟುಕೊಂಡು ಬಂದೆ. ನಿಮ್ಮನ್ನು ಸಂಘಕ್ಕೆ ಸೇರಿಸಿದವರು ಯಾರು ಎಂದು ಈಗಲೂ ಕೇಳುತ್ತಾರೆ. ಆ ಅಜ್ಜಿಯ ಹೆಸರು ಕೇಳಿಟ್ಟುಕೊಳ್ಳಬೇಕಿತ್ತು.